ಮೀನಿನ ಹುಣ್ಣು, ಮನೆಯಾಕೆಯ ಬೆರಳು

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಮೂರೂವರೆ ಎಕರೆ ಖುಷ್ಕಿ. ರಾಗಿ, ಅವರೆ, ತೊಗರಿ. ಕೃಷಿಭಾಗ್ಯದಲ್ಲಿ ಒಂದು ಹೊಂಡ ಆಯಿತು. ನೀರು ಸುಮ್ಮನೆ ಯಾಕಿರಬೇಕು ಅಂತ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿ ಬಿಟ್ಟೆ. ನಾನು ಓದಿದ್ದು ಏಳನೇ ಕ್ಲಾಸು. ಕಂಡದ್ದು, ಕೇಳಿ ತಿಳಿದದ್ದು ಬರೆದಿದ್ದೇನೆ.

2022ರ ಡಿಸೆಂಬರ್‌ನಲ್ಲಿ ಚಳಿ ಹಿಡಿದ ಮೇಲೆ ರೋಹು, ಮೃಗಾಲ್ ಮರಿಗಳ ಮೈಮೇಲೆ ಕೆಂಪು ಚುಕ್ಕೆ ಕಂಡವು. ವಾರದಲ್ಲಿ ಚುಕ್ಕೆ ಹುಣ್ಣಾಗಿ ಮಾಂಸ ಕಾಣತೊಡಗಿತು. ದಿನಾ ಹತ್ತು ಹನ್ನೆರಡು ಸತ್ತು ತೇಲೋವು. ಯಾರೋ ಹೇಳಿದರು ಅಂತ ಕೋಳಿಗೆ ಕೊಡೋ ಆ್ಯಂಟಿಬಯೋಟಿಕ್ ಪುಡಿ ನೀರಿಗೆ ಸುರಿದೆ. ದುಡ್ಡು ಹೋಯಿತು, ಮೀನು ಸಾಯೋದು ನಿಲ್ಲಲಿಲ್ಲ.

ಕೊನೆಗೆ ಜೀವ ಇದ್ದ ನಾಲ್ಕು ಮೀನನ್ನು ಹೊಂಡದ ನೀರಲ್ಲೇ ಕ್ಯಾನಿಗೆ ಹಾಕಿಕೊಂಡು ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರಕ್ಕೆ ಹೋದೆ. ಅಲ್ಲಿಯವರು ಮೊದಲು ಕೇಳಿದ್ದು, "ಸಾಮಾನ್ಯ ಗೆಂಡೆಗೂ ಹುಣ್ಣಾಗಿದೆಯಾ?" ಅಂತ. ಇಲ್ಲ ಅಂದೆ. "ನೀರು ಎಲ್ಲಿಂದ ಬಿಟ್ಟಿರಿ?" ಕೆರೆಯಿಂದ ಪಂಪು ಮಾಡಿದ್ದೆ. ಆ ಕೆರೆಯ ಕೊರಮೀನಿಗೂ ಹುಣ್ಣಿತ್ತು ಅನ್ನೋದು ಆಗ ನೆನಪಾಯಿತು.

ಹುಣ್ಣಿನ ಮೂಲ

ಈ ರೋಗಕ್ಕೆ ಇ.ಯು.ಎಸ್. ಅಂತಾರೆ. ನಮ್ಮ ದೇಶಕ್ಕೆ ಬಂದದ್ದು 1988ರಲ್ಲಿ, ಈಶಾನ್ಯ ರಾಜ್ಯಗಳ ಕಡೆಯಿಂದ. ಕಾರಣ ಅಫನೋಮೈಸಿಸ್ ಅನ್ನೋ ಬೂಸ್ಟಿನಂಥ ಜೀವಿ. ಅದರ ಎಳೆಗಳು ಮೀನಿನ ಮಾಂಸದೊಳಕ್ಕೇ ಇಳಿಯುತ್ತವೆ. ನೀರು ತಣ್ಣಗಾದಾಗ ಜೋರು. ಸಾಮಾನ್ಯ ಗೆಂಡೆ ಇದನ್ನು ತಡೆದುಕೊಳ್ಳುತ್ತೆ. ಆ್ಯಂಟಿಬಯೋಟಿಕ್ ಇರೋದು ಬ್ಯಾಕ್ಟೀರಿಯಾಕ್ಕೆ, ಇದಕ್ಕಲ್ಲ. ನನ್ನ ಪುಡಿ ನೀರು ಪಾಲಾಗಿದ್ದು ಅದಕ್ಕೇ.

ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಂಸ್ಥೆ ಈ ರೋಗಕ್ಕೆ ಸಿಫ್ಯಾಕ್ಸ್ ಅನ್ನೋ ಔಷಧಿ ರೂಪಿಸಿದೆ. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ ಒಂದು ಲೀಟರ್ ಲೆಕ್ಕ. ಅಂದರೆ ಒಂದು ಗುಂಟೆಗೆ ಸುಮಾರು 10 ಮಿಲಿ. ಆಳ ಎರಡು ಮೀಟರ್ ಇದ್ದರೆ ಎರಡರಷ್ಟು. ನೀರು ಪರೀಕ್ಷೆ ಮಾಡಿಸಿ ಸುಣ್ಣವನ್ನೂ ಹಾಕಿದೆ. ಅರ್ಧ ಮೀನು ಉಳಿದವು.

ಒಂದು ಬೀಗಕ್ಕೆ ಒಂದೇ ಕೀಲಿಕೈ

ಮೈಗೆ ರೋಗಾಣು ಹೊಕ್ಕರೆ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತೆ. ಒಂದು ಬೀಗಕ್ಕೆ ಒಂದೇ ಕೀಲಿಕೈ ಇದ್ದಂತೆ, ಒಂದು ಪ್ರತಿಕಾಯ ತನಗೆ ಹೊಂದುವ ವಸ್ತುವಿಗೆ ಮಾತ್ರ ಅಂಟುತ್ತೆ. ಅದನ್ನೇ ಹಿಡಿದು 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಕೆ.ಎಂ. ಶಂಕರ್ ಮತ್ತು ಸಂಗಡಿಗರು ಸಿಗಡಿಯ ಬಿಳಿಚುಕ್ಕೆ ರೋಗವನ್ನು ಕೊಳದ ದಡದಲ್ಲೇ ಪತ್ತೆ ಮಾಡೋ ಕಿಟ್ ತಯಾರಿಸಿದರು. ಮೀನಿನ ಈ ಹುಣ್ಣು ರೋಗ ಪತ್ತೆಗೂ ಅಂಥ ಪ್ರತಿಕಾಯ ಮಾಡಿದ್ದಾರೆ. ಗೆಂಡೆ ಜಾತಿ ಮೀನಿಗೆ ಮೇವಿನಲ್ಲೇ ಕೊಡೋ ಲಸಿಕೆಯ ಸಂಶೋಧನೆಯೂ ಅಲ್ಲಿ ನಡೆದಿದೆ. ಸತ್ತ ರೋಗಾಣುವನ್ನು ಹಾಗೇ ತಿನ್ನಿಸಿದರೆ ಕರುಳಲ್ಲಿ ಜೀರ್ಣ ಆಗಿಬಿಡುತ್ತೆ. ಪದರದ ಹಾಗೆ ಬೆಳೆಸಿದರೆ ಅದರ ಲೋಳೆ ಹೊದಿಕೆ ಕಾಪಾಡುತ್ತೆ ಅನ್ನೋದು ಅದರ ಗುಟ್ಟು.

ಪ್ರತಿಕಾಯದ ಮಾತು ಕೇಳುತ್ತಿದ್ದಾಗ ನನಗೆ ಮನೆಯಾಕೆಯ ನೆನಪಾಯಿತು.

ಎರಡು ವರ್ಷದ ತಪ್ಪು

ಆಕೆ ಪಕ್ಕದವರ ಹುಳುವಿನ ಮನೆಗೆ ಕೂಲಿಗೆ ಹೋಗೋಳು. ಹಣ್ಣು ಹುಳ ಆರಿಸಿ ಚಂದ್ರಿಕೆಗೆ ಬಿಡೋದರಲ್ಲಿ ಎತ್ತಿದ ಕೈ. ಎರಡು ವರ್ಷದಿಂದ ಬೆಳಗ್ಗೆ ಎದ್ದರೆ ಎರಡೂ ಕೈಬೆರಳು ಊದಿಕೊಂಡು, ಗಂಟೆಗೂ ಹೆಚ್ಚು ಹೊತ್ತು ಮಡಚಲಿಕ್ಕೆ ಆಗುತ್ತಿರಲಿಲ್ಲ. ವಾತ ಅಂದರು ಕೆಲವರು. ಫ್ಲೋರೈಡ್ ನೀರು ಅಂದರು ಕೆಲವರು. ನೋವು ಹೆಚ್ಚಾದಾಗ ಒಂದು ಇಂಜೆಕ್ಷನ್. ನಾಲ್ಕು ದಿನ ಆರಾಮ, ಮತ್ತೆ ಅದೇ.

ಫ್ಲೋರೈಡ್ ಮಾತು ಸುಳ್ಳಲ್ಲ. ಚಿಂತಾಮಣಿ, ಗೌರಿಬಿದನೂರು, ನಮ್ಮ ತಾಲ್ಲೂಕಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಅದರಿಂದ ಕತ್ತು, ಬೆನ್ನು ಬಿಗಿಯುತ್ತೆ, ಎಕ್ಸ್‌ರೇಯಲ್ಲಿ ಮೂಳೆ ದಟ್ಟವಾಗಿ ಕಾಣುತ್ತೆ. ಆದರೆ ಬೆಳಗಿನ ಹೊತ್ತು ಬೆರಳಿನ ಗೆಣ್ಣು ಊದೋದು ಬೇರೆ ಕಾಯಿಲೆಯ ಗುರುತು. ಬೆಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ರುಮಟಾಯ್ಡ್ ಸಂಧಿವಾತ ಅಂತ ಗೊತ್ತಾಯಿತು. ಇದರಲ್ಲಿ ಮೈಯ ಕಾವಲೇ ತನ್ನ ಕೀಲಿನ ಮೇಲೆ ತಿರುಗಿ ಬೀಳುತ್ತೆ. ಆರ್.ಎಫ್., ಆ್ಯಂಟಿ ಸಿ.ಸಿ.ಪಿ. ಅನ್ನೋ ಎರಡು ಪರೀಕ್ಷೆ ಹುಡುಕೋದು ಅಂಥ ದಾರಿತಪ್ಪಿದ ಪ್ರತಿಕಾಯಗಳನ್ನೇ. ಆರ್.ಎಫ್. ಆರೋಗ್ಯವಾಗಿರೋ ಮುದುಕರಲ್ಲೂ ಸಿಗಬಹುದು, ಕಾಯಿಲೆ ಇದ್ದವರಲ್ಲಿ ಸಿಗದೆಯೂ ಇರಬಹುದು. ಎರಡನೆಯದು ಹೆಚ್ಚು ನಂಬಿಕೆಯದು. ಆದರೂ ಚೀಟಿ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು, ಡಾಕ್ಟರು ಕೈ ಮುಟ್ಟಿ ನೋಡಬೇಕು.

ಈಗ ಮೆಥೊಟ್ರೆಕ್ಸೇಟ್ ಮಾತ್ರೆ ನಡೀತಿದೆ. ಇದು ವಾರಕ್ಕೆ ಒಂದು ದಿನ ಮಾತ್ರ ತಗೊಳ್ಳೋದು. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಆಗಾಗ ರಕ್ತ ಪರೀಕ್ಷೆಯೂ ಬೇಕು. ಊತ ಇಳಿದಿದೆ. ಸೊಟ್ಟಗಾದ ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲ.

ನನಗೆ ತಿಳಿದದ್ದು

ಮೀನಿಗೆ ಕಾಯಿಲೆ ಬಂದರೆ ಅರೆಜೀವದ್ದನ್ನು ನೀರಿನಲ್ಲಿ, ಆಗಷ್ಟೇ ಸತ್ತದ್ದನ್ನು ಐಸಿನಲ್ಲಿಟ್ಟು ಒಯ್ಯಿರಿ. ಕೊಳೆತದ್ದರಿಂದ ಏನೂ ತಿಳಿಯೋದಿಲ್ಲ. ಬೆರಳ ಗೆಣ್ಣು ಊದಿ ಆರು ವಾರ ಆದರೂ ಇಳಿಯದಿದ್ದರೆ ಇನ್ನು ಕಾಯಬೇಡಿ, ಕೀಲುವಾತದ ಡಾಕ್ಟರಿಗೆ ತೋರಿಸಿ.

ಹೊಂಡದ ಮೀನನ್ನು ಎರಡೇ ವಾರದಲ್ಲಿ ಪರೀಕ್ಷೆಗೆ ಒಯ್ದವನು ನಾನು. ಮನೆಯಾಕೆಯನ್ನು ಒಯ್ಯಲಿಕ್ಕೆ ಎರಡು ವರ್ಷ ತಗೊಂಡೆ. ಒಮ್ಮೆ ಆಕೆಯೇ ನಗುತ್ತಾ ಅಂದಳು, "ನಾನೂ ಮೀನಾಗಿದ್ದಿದ್ದರೆ ಬೇಗ ಕರಕೊಂಡು ಹೋಗ್ತಿದ್ದಿರೇನೋ." ಏನೂ ಉತ್ತರ ಕೊಡಲಿಕ್ಕೆ ಆಗಲಿಲ್ಲ.