ಹಸಿರೆಲೆಯ ಜೀವಸತ್ವ

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರಲ್ಲಿ ಅನೇಕರು ಗರ್ಭಿಣಿಯರಾದಾಗ ತೀವ್ರ ರಕ್ತಹೀನತೆಗೆ ಗುರಿಯಾಗುತ್ತಿದ್ದರು. ಮುಖ ಬಿಳಿಚಿಕೊಳ್ಳುತ್ತಿತ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು, ರೋಗ ಉಲ್ಬಣಿಸಿದರೆ ಪ್ರಾಣಕ್ಕೇ ಅಪಾಯವಿತ್ತು. ಅವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ಮಾತ್ರ ದೊಡ್ಡವಾಗಿ ಕಂಡವು. ಕಬ್ಬಿಣದ ಕೊರತೆಯಿಂದ ಕಣಗಳು ಕುಗ್ಗುವುದುಂಟು. ಇಲ್ಲಿ ಅವು ಹಿಗ್ಗಿದ್ದವು. ಆದುದರಿಂದ ಕೊರತೆ ಬೇರೆ ಯಾವುದೋ ಇರಬೇಕು.

ವಿಲ್ಸ್ ಅವರ ದೃಷ್ಟಿ ಆ ಹೆಂಗಸರ ಊಟದ ಕಡೆಗೆ ಹರಿಯಿತು. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡಿದ, ಮಾರ್ಮೈಟ್ ಎಂಬ ಅಗ್ಗದ ಸಾರವನ್ನು ಅವರು ರೋಗಿಗಳಿಗೆ ಕೊಟ್ಟು ನೋಡಿದರು. ರೋಗಿಗಳು ಚೇತರಿಸಿಕೊಂಡರು! 1931ರಲ್ಲಿ ಈ ಸಂಗತಿ ಪ್ರಕಟವಾಯಿತು. ಆ ಸಾರದಲ್ಲಿದ್ದ ವಸ್ತು ಯಾವುದೆಂದು ತಿಳಿಯಲು ಮತ್ತೆ ಹತ್ತು ವರ್ಷಗಳು ಹಿಡಿದವು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಅಂಥ ವಸ್ತುವೊಂದನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ 'ಫೋಲಿಯಂ' ಎಂದರೆ ಎಲೆ. ಅದರಿಂದಲೇ ಫೋಲಿಕ್ ಆಮ್ಲವೆಂಬ ಹೆಸರು ಬಂದಿತು. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಆಹಾರದಲ್ಲಿ ಸಹಜವಾಗಿರುವ ರೂಪಕ್ಕೆ ಫೋಲೇಟ್ ಎನ್ನುತ್ತಾರೆ. ಜೀವಕೋಶವು ಒಡೆದು ಎರಡಾಗುವ ಮುನ್ನ ತನ್ನ ಡಿ.ಎನ್.ಎ.ಯ ಪ್ರತಿಯನ್ನು ಮಾಡಿಕೊಳ್ಳಬೇಕು. ಆ ಕಾರ್ಯಕ್ಕೆ ಫೋಲೇಟ್ ಬೇಕೇ ಬೇಕು. ಅದಿಲ್ಲದಿದ್ದರೆ ಕೋಶ ಬೆಳೆಯುತ್ತದೆ, ಒಡೆಯಲಾರದು. ಗಿರಣಿಯ ಹೆಂಗಸರ ರಕ್ತಕಣಗಳು ಹಿಗ್ಗಿದ್ದುದು ಇದರಿಂದಲೇ. ಗರ್ಭದಲ್ಲಿ ಶಿಶುವಿನ ಮಿದುಳು ಮತ್ತು ಬೆನ್ನುಹುರಿಗೆ ಮೂಲವಾದ ನಾಳವು ಮೊದಲ ನಾಲ್ಕು ವಾರಗಳಲ್ಲಿಯೇ ಮುಚ್ಚಿಕೊಳ್ಳಬೇಕು. ಆಗ ಎಷ್ಟೋ ವೇಳೆ ತಾಯಿಗೆ ತಾನು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಆದಕಾರಣ ವೈದ್ಯರು ಗರ್ಭಧಾರಣೆಗೆ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆಯನ್ನು ಸೂಚಿಸುತ್ತಾರೆ. ಈ ಸಂದರ್ಭದಲ್ಲಿ ಸೊಪ್ಪೊಂದನ್ನೇ ನಂಬಿ ಕೂರುವುದು ಸಾಲದು.

ಉಳಿದವರಿಗೆ ದಿನನಿತ್ಯದ ಅಡುಗೆಯೇ ಸಾಕಷ್ಟು ಒದಗಿಸಬಲ್ಲದು. ಬೇಯಿಸಿದ 100 ಗ್ರಾಂ ಅಲಸಂದೆಯಲ್ಲಿ ಸುಮಾರು 200 ಮೈಕ್ರೋಗ್ರಾಂ ಫೋಲೇಟ್ ಉಂಟು. ಅಷ್ಟೇ ತೂಕದ ಬಿಳಿಯ ಅನ್ನದಲ್ಲಿರುವುದು ತೀರ ಅತ್ಯಲ್ಪ. ಕಡಲೆ, ಹೆಸರು, ಪಾಲಕ್, ನೆಲಗಡಲೆ, ಕಿತ್ತಳೆ, ಮಾಂಸಾಹಾರಿಗಳಿಗೆ ಯಕೃತ್ತು—ಇವೆಲ್ಲವೂ ಒಳ್ಳೆಯ ಮೂಲಗಳೇ. ಆದರೆ ಫೋಲೇಟ್ ಬಹು ನಾಜೂಕಿನ ವಸ್ತು. ಬಹಳ ಹೊತ್ತು ಕುದಿಸಿದರೆ ನಾಶವಾಗುತ್ತದೆ. ಹೆಚ್ಚು ನೀರಿನಲ್ಲಿ ಬೇಯಿಸಿದರೆ ನೀರಿಗಿಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಅದೂ ಹೋದಂತೆಯೇ. ಹಳೆಯ ಮೈಸೂರು ಸೀಮೆಯ ಬಸ್ಸಾರಿನಲ್ಲಿ ಹೀಗಾಗುವುದಿಲ್ಲ. ಕಾಳು ಸೊಪ್ಪುಗಳನ್ನು ಬೇಯಿಸಿ ಬಸಿದ ಮೇಲೆ ಗಟ್ಟಿಯಾಗಿ ಉಳಿದದ್ದು ಪಲ್ಯವಾಗುತ್ತದೆ. ಬಸಿದ ನೀರು ಖಾರ ಹುಳಿ ಸೇರಿಸಿಕೊಂಡು, ಸಾರಾಗಿ ರಾಗಿಮುದ್ದೆಯ ಜೊತೆಗೆ ತಟ್ಟೆಗೇ ಮರಳುತ್ತದೆ.