ಜಾಡಿಯೊಡನೆ ಮಾರಾಟವಾದ ತಿಳಿವಳಿಕೆ: ಹಳೆಯ ಕ್ಯಾನಿಂಗ್ ಕೈಪಿಡಿಗಳ ಪಾಠ

ಬಳಸುವ ಬಗೆಯೇ ಗ್ರಾಹಕನಿಗೆ ತಿಳಿಯದ ವಸ್ತುವನ್ನು ಮಾರುವುದು ಹೇಗೆ? ಉದ್ಯಮಕ್ಕಿಳಿದ ಪ್ರತಿಯೊಬ್ಬರೂ ಒಂದಿಲ್ಲೊಂದು ಹಂತದಲ್ಲಿ ಎದುರಿಸುವ ಪ್ರಶ್ನೆಯಿದು. ಶತಮಾನದ ಹಿಂದೆ ಅಮೆರಿಕದ ಗಾಜಿನ ಜಾಡಿ ತಯಾರಕರು ಇದಕ್ಕೆ ಕಂಡುಕೊಂಡ ಉತ್ತರ ಒಂದು ಕಿರುಪುಸ್ತಿಕೆ. ಅದರ ಯಶಸ್ಸೂ ಅದರಲ್ಲಿ ನುಸುಳಿದ ದೋಷವೂ ನಮ್ಮ ಆಹಾರೋದ್ಯಮಿಗಳಿಗೆ ಅಧ್ಯಯನಯೋಗ್ಯವಾಗಿವೆ.

ಜಾಡಿಯಿಂದ ಪುಸ್ತಿಕೆಗೆ

ಆಹಾರವನ್ನು ಪಾತ್ರೆಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಕಾಯಿಸಿ ಸಂರಕ್ಷಿಸುವ ವಿಧಾನವೇ ಕ್ಯಾನಿಂಗ್. ಫ್ರಾನ್ಸಿನ ನಿಕೋಲಾ ಅಪೇರ್ ಅವರು 1810ರಲ್ಲಿ ಈ ವಿಧಾನವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. 1858ರಲ್ಲಿ ಜಾನ್ ಲ್ಯಾಂಡಿಸ್ ಮೇಸನ್ ಅವರು ತಿರುಪಿನ ಕತ್ತುಳ್ಳ ಜಾಡಿಗೆ ಪೇಟೆಂಟ್ ಪಡೆದ ಮೇಲೆ ಈ ವಿದ್ಯೆ ಮನೆಮನೆಯ ಅಡುಗೆಕೋಣೆಯನ್ನು ಪ್ರವೇಶಿಸಿತು. ಪೇಟೆಂಟಿನ ಅವಧಿ ಮುಗಿದೊಡನೆ ಅನೇಕ ತಯಾರಕರು ಅದೇ ಬಗೆಯ ಜಾಡಿಗಳನ್ನು ಮಾರುಕಟ್ಟೆಗೆ ತಂದರು. 1884ರಲ್ಲಿ ಜಾಡಿ ತಯಾರಿಕೆ ಆರಂಭಿಸಿದ ಬಾಲ್ ಸಹೋದರರೂ ಅವರಲ್ಲಿದ್ದರು.

ಜಾಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಾಗಿರುವಾಗ ಗ್ರಾಹಕರ ವಿಶ್ವಾಸ ಗಳಿಸಲು ತಿಳಿವಳಿಕೆಯೇ ಸಾಧನವಾಯಿತು. 1909ರಲ್ಲಿ ಮೊದಲು ಪ್ರಕಟವಾದ ‘ಬಾಲ್ ಬ್ಲೂ ಬುಕ್’ ಯಾವ ಪದಾರ್ಥವನ್ನು ಹೇಗೆ ಸಿದ್ಧಪಡಿಸಬೇಕು, ಎಷ್ಟು ಹೊತ್ತು ಕಾಯಿಸಬೇಕು ಎಂಬುದನ್ನು ಗೃಹಿಣಿಯರಿಗೆ ಕಲಿಸಿತು. ಕೆರ್ ಸಂಸ್ಥೆಯೂ ಇಂತಹ ಕೈಪಿಡಿಗಳನ್ನು ಹೊರತಂದಿತು. ಜೆಲ್-ಓ ತಯಾರಕರು ಪಾಕವಿಧಾನದ ಪುಸ್ತಿಕೆಗಳನ್ನು ಉಚಿತವಾಗಿ ಹಂಚಿದರು. ಜಾಡಿ ವರ್ಷಾನುಗಟ್ಟಲೆ ಬಾಳುತ್ತದೆ; ಆದರೆ ನಂತರ ಬಳಕೆಗೆ ಬಂದ ಚಪ್ಪಟೆ ಮುಚ್ಚಳವನ್ನು ಪ್ರತಿ ಬಾರಿಯೂ ಹೊಸದಾಗಿ ಕೊಳ್ಳಬೇಕು. ಆದ್ದರಿಂದ ಕಲಿತ ಗ್ರಾಹಕರು ಮರಳಿ ಬರುವ ಗ್ರಾಹಕರಾದರು.

ದೋಷ ನುಸುಳಿದ ಬಗೆ

ಹುಳಿ ಕಡಿಮೆಯಿರುವ ತರಕಾರಿ, ಮಾಂಸಗಳಲ್ಲಿ ‘ಕ್ಲಾಸ್ಟ್ರಿಡಿಯಂ ಬಾಟುಲಿನಮ್’ ಎಂಬ ಸೂಕ್ಷ್ಮಜೀವಿಯ ಬೀಜಕಣಗಳಿರಬಹುದು. ಕುದಿಯುವ ನೀರಿನ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ಅವು ಬದುಕುಳಿಯಬಲ್ಲವು. ಅನಂತರ ಗಾಳಿಯಿಲ್ಲದ ಜಾಡಿಯೊಳಗೆ ಬೆಳೆದು ಮಾರಕ ವಿಷವನ್ನು ಉತ್ಪಾದಿಸುತ್ತವೆ. ಇವುಗಳ ನಾಶಕ್ಕೆ ಸುಮಾರು 116 ಡಿಗ್ರಿ ಶಾಖ ಅಗತ್ಯ. ಅದು ಒತ್ತಡದ ಪಾತ್ರೆಯಲ್ಲಿ ಮಾತ್ರ ಸಾಧ್ಯ. ಅಮೆರಿಕದ ಕೃಷಿ ಇಲಾಖೆ 1917ರಲ್ಲಿಯೇ ಇಂತಹ ಪದಾರ್ಥಗಳಿಗೆ ಒತ್ತಡದ ವಿಧಾನವೇ ಸುರಕ್ಷಿತವೆಂದು ನಿರ್ಧರಿಸಿತ್ತು. ಆದರೂ ಹುರುಳಿಕಾಯಿಯನ್ನು ಮೂರು ಗಂಟೆ ನೀರಿನಲ್ಲಿ ಕುದಿಸಿದರೆ ಸಾಕೆಂಬ ಸೂಚನೆ ದಶಕಗಳ ಕಾಲ ಅನೇಕ ಕೈಪಿಡಿಗಳಲ್ಲಿ ಉಳಿದುಕೊಂಡಿತು. ಒತ್ತಡದ ಪಾತ್ರೆ ಎಲ್ಲರ ಮನೆಯಲ್ಲಿ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಆ ಇಲಾಖೆ 1988ರಲ್ಲಿ ಸಮಗ್ರ ಕೈಪಿಡಿಯೊಂದನ್ನು ಪ್ರಕಟಿಸಿ, ಮುಂದೆ ಹಲವು ಬಾರಿ ಪರಿಷ್ಕರಿಸಿತು. ಟೊಮೆಟೊ ಹುಳಿಯಾದುದರಿಂದ ನಿರಪಾಯವೆಂಬ ಹಳೆಯ ನಂಬಿಕೆಯೂ ಬದಲಾಗಿದೆ. ಸುಮಾರು ಒಂದು ಲೀಟರಿನ ಜಾಡಿಗೆ ಎರಡು ದೊಡ್ಡ ಚಮಚ ಬಾಟಲಿ ನಿಂಬೆರಸ ಬೆರೆಸಬೇಕೆಂಬುದು ಈಗಿನ ಸೂಚನೆ. ಎತ್ತರದ ಸ್ಥಳಗಳಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಅವಧಿಯನ್ನೋ ಒತ್ತಡವನ್ನೋ ಹೆಚ್ಚಿಸಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ ಎಂಬುದು ಗಮನಾರ್ಹ.

ನಮಗೇನು ಪಾಠ?

ಹಳೆಯ ಕೈಪಿಡಿಗಳು ಇಂದು ಸಂಗ್ರಾಹಕರ ಪ್ರೀತಿಯ ವಸ್ತುಗಳು. ಮುಖಚಿತ್ರ, ಜಾಹೀರಾತಿನ ಇತಿಹಾಸಗಳಿಗಾಗಿ ಅವು ಸಂಗ್ರಹಯೋಗ್ಯ. ಆದರೆ ಅವುಗಳಲ್ಲಿನ ಕಾಲಾವಧಿಯನ್ನು ನಂಬಿ ಅಡುಗೆಗಿಳಿಯುವುದು ಅಪಾಯಕರ. ಬಾಲ್ ಸಂಸ್ಥೆ 1993ರಲ್ಲಿ ಜಾಡಿ ವ್ಯವಹಾರವನ್ನು ಬೇರ್ಪಡಿಸಿದ ಮೇಲೂ ಬ್ಲೂ ಬುಕ್ ಪರಿಷ್ಕೃತ ಆವೃತ್ತಿಗಳಲ್ಲಿ ಮುಂದುವರಿದಿದೆ. ಅದರ ದೀರ್ಘಾಯುಷ್ಯಕ್ಕೆ ಈ ಪರಿಷ್ಕರಣೆಯೇ ಆಧಾರ.

ಉಪ್ಪಿನಕಾಯಿ, ಹಣ್ಣಿನ ತಿರುಳು, ಸಿದ್ಧ ಆಹಾರಗಳನ್ನು ತಯಾರಿಸುವ ನಮ್ಮ ಸಣ್ಣ ಉದ್ದಿಮೆದಾರರೂ ಪೊಟ್ಟಣದೊಡನೆ ಬಳಕೆಯ ಸೂಚನೆ, ಪಾಕವಿಧಾನಗಳನ್ನು ನೀಡುತ್ತಾರೆ. ಅವುಗಳ ಮೇಲೆ ಮುದ್ರಣದ ವರ್ಷವಿರಲಿ. ಮುದ್ರಿಸುವ ಮುನ್ನ ತಜ್ಞರಿಂದ ಪರಿಶೀಲನೆ ನಡೆಯಲಿ. ತಪ್ಪು ತಿಳಿದಾಗ ಹಳೆಯ ಪ್ರತಿ ಚಲಾವಣೆಯಿಂದ ಹೊರಬೀಳಲಿ. 1950ರಿಂದ ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಂತಹ ಸಂಸ್ಥೆ ನಮ್ಮ ನೆರೆಯಲ್ಲಿಯೇ ಇರುವುದು ಸುದೈವ. ವಸ್ತುವನ್ನು ಮಾರಿದವನ ಹೊಣೆ ಅದರೊಡನೆ ಕೊಟ್ಟ ಮಾತಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ.