ನಮ್ಮ ಮನೆಯ ಗ್ಯಾಸ್ ಗೀಸರ್ ಯಾಕೆ ಆರಿಹೋಗುತ್ತಿತ್ತು?



ನಮ್ಮೂರಿನಲ್ಲಿ ಈಗ ಬಹಳ ಮನೆಗಳಿಗೆ ಗ್ಯಾಸ್ ಗೀಸರ್ ಬಂದಿದೆ. ನಮ್ಮ ಮನೆಗೆ ಬಂದು ಮೂರು ವರ್ಷವಾಯಿತು. ಅದಕ್ಕೆ ಮೊದಲು ಅಜ್ಜಿ ಬಚ್ಚಲುಮನೆಯ ಹಂಡೆಗೆ ತೆಂಗಿನ ಮಟ್ಟೆ, ಚಿಪ್ಪು ಉರಿಹಾಕಿ ನೀರು ಕಾಯಿಸುತ್ತಿದ್ದರು. ಕಣ್ಣೆಲ್ಲಾ ಹೊಗೆ. ಗೀಸರ್ ಬಂದ ಮೇಲೆ ನಲ್ಲಿ ತಿರುಗಿಸಿದರೆ ಸಾಕು, ಬಿಸಿನೀರು. ಆದರೆ ಇತ್ತೀಚೆಗೆ ಅದು ಒಂದು ಆಟ ಶುರು ಮಾಡಿತು. ಆ ಆಟ ಏನು, ಅದನ್ನು ನಾವು ಹೇಗೆ ಕಂಡುಹಿಡಿದೆವು ಎಂದು ಈ ಲೇಖನದಲ್ಲಿ ಬರೆದಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಗೀಸರ್ ಹೊತ್ತಿಕೊಂಡು ಎರಡು ಮೂರು ನಿಮಿಷ ಚೆನ್ನಾಗಿ ಉರಿಯುತ್ತಿತ್ತು. ನೀರು ಬರಬರುತ್ತಾ ಕುದಿನೀರಿನ ಹಾಗೆ ಆಗಿ, ಆಮೇಲೆ ಟಪ್ ಅಂತ ಬೆಂಕಿ ಆರಿಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಒಂದು ದಿನ ನನ್ನ ತಮ್ಮ ಶವರ್ ಕೈಯಲ್ಲಿ ಹಿಡಿದು ನಿಂತಿದ್ದಾಗ ಆ ಬಿಸಿನೀರು ಅವನ ಬೆನ್ನಿಗೆ ಬಿತ್ತು. ಕಿರುಚಿಕೊಂಡ. ಅಮ್ಮ ಓಡಿಬಂದು ತಣ್ಣೀರಿನ ನಲ್ಲಿ ಕೆಳಗೆ ಬಹಳ ಹೊತ್ತು ಕೂರಿಸಿದರು. ಪುಣ್ಯಕ್ಕೆ ಬೊಬ್ಬೆ ಏಳಲಿಲ್ಲ, ಅಂಗೈ ಅಗಲ ಕೆಂಪಾಯಿತು ಅಷ್ಟೇ.

ಮೊದಲು ಅಪ್ಪ ಶೆಲ್ ಬದಲಾಯಿಸಿದರು. ಗೀಸರ್ ಕಿಡಿ ಹೊತ್ತಿಸುವುದು ಎರಡು ದೊಡ್ಡ ಶೆಲ್‌ಗಳಿಂದ. ಹೊಸದು ಹಾಕಿದರೂ ಅದೇ ಕಥೆ. ಸಿಲಿಂಡರ್ ಖಾಲಿಯಾಗಿದೆಯಾ ಎಂದು ನೋಡಿದೆವು, ಅದೂ ತುಂಬಿತ್ತು. ಕೆಲವು ಗೀಸರ್‌ಗಳು 20 ನಿಮಿಷವಾದರೆ ತಾವೇ ಆರಿಹೋಗುತ್ತವೆ, ಆದರೆ ನಮ್ಮದು ಮೂರೇ ನಿಮಿಷಕ್ಕೆ ಆರುತ್ತಿತ್ತು.

ಕೊನೆಗೆ ರಿಪೇರಿ ಮಾಡುವವರೊಬ್ಬರು ಬಂದರು. ಮುಚ್ಚಳ ಬಿಚ್ಚಿ, ಬಿಸಿನೀರಿನ ಕೊಳವೆಗೆ ಅಂಟಿಸಿದ್ದ ಗುಂಡಿಯಷ್ಟು ದೊಡ್ಡ ಸ್ವಿಚ್ ತೋರಿಸಿದರು. "ಇದೇ ಸಾರ್ ಕಟ್ ಮಾಡ್ತಿರೋದು. ಎರಡೂ ವೈರ್ ಸೇರಿಸಿ ಡೈರೆಕ್ಟ್ ಮಾಡಿಬಿಡ್ತೀನಿ, ಇನ್ನು ಆರೋದೇ ಇಲ್ಲ" ಅಂದರು. ಅಪ್ಪ "ಸರಿ, ಮಾಡಿ" ಅನ್ನುವುದರಲ್ಲಿದ್ದರು. ಅಷ್ಟರಲ್ಲಿ ಅಮ್ಮ, "ಆರಿಹೋದ್ರೇನೇ ಮಗು ಬೆನ್ನು ಸುಟ್ಕೊಂಡ, ಆರದೇ ಇದ್ರೆ ಏನ್ ಗತಿ?" ಎಂದು ಕೇಳಿದರು. ಅಪ್ಪ ಸುಮ್ಮನಾದರು. ಕೆಲಸ ಅಲ್ಲಿಗೆ ನಿಂತಿತು.

ಮಾರನೆಯ ದಿನ ನಾನು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, "ಜ್ವರ ತೋರಿಸುತ್ತೆ ಅಂತ ಥರ್ಮಾಮೀಟರ್ ಒಡೆದ ಹಾಗಾಯ್ತಲ್ಲಮ್ಮ" ಅಂದರು. ಆ ಪುಟ್ಟ ಸ್ವಿಚ್ಚು ಕಾವಲುಗಾರ. ಕೊಳವೆ ಮಿತಿಮೀರಿ ಕಾದರೆ ಅದು ಕರೆಂಟು ಕಡಿದು ಗ್ಯಾಸ್ ನಿಲ್ಲಿಸುತ್ತದೆ. ನಮ್ಮದರ ಮೇಲೆ 75 ಡಿಗ್ರಿ ಎಂದು ಬರೆದಿತ್ತು. ಬೇರೆ ಗೀಸರ್‌ಗಳಲ್ಲಿ ಈ ಅಂಕಿ ಬೇರೆ ಇರಬಹುದು. ಹಾಗಾದರೆ ಕೊಳವೆ ಅಷ್ಟು ಕಾಯುವುದು ಯಾಕೆ?

ಇದಕ್ಕೆ ಉತ್ತರದ ಸುಳಿವು ಸಿಕ್ಕಿದ್ದು ಅಜ್ಜಿಯಿಂದ. "ಹಂಡೇಲಿ ಅರ್ಧ ನೀರಿದ್ರೆ ಬೇಗ ಕುದಿಯಲ್ವೇನೇ?" ಅಂದರು. ಎಷ್ಟು ಸರಿಯಾದ ಮಾತು! ಗೀಸರ್‌ನಲ್ಲಿ ನೀರು ನಿಲ್ಲುವುದಿಲ್ಲ, ಬೆಂಕಿಯ ಮೇಲಿನ ತಾಮ್ರದ ಕೊಳವೆಯಲ್ಲಿ ಹರಿಯುತ್ತಾ ಕಾಯುತ್ತದೆ. ಬೆಂಕಿ ಅಷ್ಟೇ ಇದ್ದು ಹರಿಯುವ ನೀರು ಕಡಿಮೆಯಾದರೆ, ಇರುವ ನೀರು ಹೆಚ್ಚು ಕಾಯಲೇಬೇಕು.

ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರು. ಒಳಗೆ ಬರುವ ನೀರು 25 ಡಿಗ್ರಿ ಇದೆ ಎಂದುಕೊಳ್ಳಿ. ನಿಮಿಷಕ್ಕೆ 6 ಲೀಟರ್ ಹರಿದಾಗ ಅದು 25 ಡಿಗ್ರಿ ಏರಿ 50 ಆಗುತ್ತದೆ. ಅದೇ ಬೆಂಕಿಗೆ ನಿಮಿಷಕ್ಕೆ 3 ಲೀಟರ್ ಮಾತ್ರ ಹರಿದರೆ ಏರಿಕೆ ಎರಡರಷ್ಟು, ಅಂದರೆ 50 ಡಿಗ್ರಿ. ಒಟ್ಟು 75! ಕಾವಲುಗಾರ ಎದ್ದು ನಿಲ್ಲುವುದು ಅಲ್ಲೇ. 60 ಡಿಗ್ರಿ ನೀರು ಐದಾರು ಸೆಕೆಂಡ್ ಬಿದ್ದರೆ ಸಾಕು, ದೊಡ್ಡವರ ಚರ್ಮವೂ ಸುಡುತ್ತದೆ. ಮಕ್ಕಳದು ಇನ್ನೂ ಬೇಗ.

ಸಂಜೆ ನಾನೂ ಅಪ್ಪನೂ ಪರೀಕ್ಷೆಗೆ ನಿಂತೆವು. ಬೇಕಾದದ್ದು 15 ಲೀಟರ್ ಬಕೆಟ್ಟು, ಒಂದು ಗಡಿಯಾರ. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಗೀಸರ್ ಮೂಲಕ ತಣ್ಣೀರು ಬಿಟ್ಟು ಬಕೆಟ್ ಹಿಡಿದೆವು. ತುಂಬಲು 5 ನಿಮಿಷ ಹಿಡಿಯಿತು. ಅಂದರೆ ನಿಮಿಷಕ್ಕೆ 3 ಲೀಟರ್. ಆಮೇಲೆ ಗೀಸರ್‌ಗೆ ನೀರು ಬರುವ ಪೈಪನ್ನು ಬಿಚ್ಚಿ, ಅದರಿಂದಲೇ ನೇರವಾಗಿ ಹಿಡಿದೆವು. 2 ನಿಮಿಷಕ್ಕೇ ತುಂಬಿತು. ಟ್ಯಾಂಕಿನ ತಪ್ಪಲ್ಲ, ಲೈನಿನ ತಪ್ಪಲ್ಲ. ನೀರಿಗೆ ತಡೆ ಇರುವುದು ಗೀಸರ್ ಒಳಗೇ ಎಂದು ಗೊತ್ತಾಯಿತು. (ಎರಡೂ ಕಡೆ ನಿಧಾನವಾಗಿ ತುಂಬಿದ್ದರೆ ಲೈನನ್ನೋ ಟ್ಯಾಂಕನ್ನೋ ನೋಡಬೇಕಿತ್ತು.)

ನೀರು ಒಳಗೆ ಹೋಗುವ ಜಾಗದಲ್ಲಿ ಒಂದು ಸಣ್ಣ ಜಾಲರಿ ಇದೆ. ತೆಗೆದು ನೋಡಿದರೆ ಮರಳು, ಬಿಳೀ ಚೂರುಗಳು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದು ಹಾಕಿದೆವು. ಶವರಿನ ತೂತುಗಳೂ ಮುಚ್ಚಿಕೊಂಡಿದ್ದವು, ಅದನ್ನೂ ಬಿಡಿಸಿದೆವು. ಈಗ ಬಕೆಟ್ 4 ನಿಮಿಷಕ್ಕೆ ತುಂಬಿತು. ವಾಸಿ, ಆದರೆ ಸಾಲದು.

ಉಳಿದ ತಡೆ ತಾಮ್ರದ ಕೊಳವೆಯ ಒಳಗಿತ್ತು. ನಮ್ಮದು ಬೋರ್‌ವೆಲ್ ನೀರು, ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಕಾಯಿಸಿದಾಗ ಅದು ಒಡೆದು, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಅಜ್ಜಿಯ ಹಂಡೆಯ ಒಳಗೆ ಇದ್ದ ಬಿಳೀ ಪೊರೆಯೂ ಇದೇ! ಹಂಡೆಯಲ್ಲಿ ಜಾಗ ಬೇಕಾದಷ್ಟಿತ್ತು, ತೊಂದರೆ ಕಾಣಲಿಲ್ಲ. ಬೆರಳಿಗಿಂತ ಸಣ್ಣ ಕೊಳವೆಯಲ್ಲಿ ನೀರಿಗೆ ದಾರಿಯೇ ಇಲ್ಲದಾಯಿತು. ಇದನ್ನು ಆಮ್ಲ ಕರಗಿಸುತ್ತದೆ. ಕೆಲಸ ಗೊತ್ತಿರುವ ಬೇರೊಬ್ಬ ಮೆಕ್ಯಾನಿಕ್ ಅವರನ್ನು ಅಪ್ಪ ಕರೆಸಿದರು. ಅವರು ನಿಂಬೆ ಉಪ್ಪಿನ ದ್ರಾವಣ ತುಂಬಿಸಿ, ಬಿಟ್ಟು, ಚೆನ್ನಾಗಿ ತೊಳೆದರು. ಈಗ ಬಕೆಟ್ ತುಂಬಲು 2 ನಿಮಿಷ 40 ಸೆಕೆಂಡ್! ಅಂದಿನಿಂದ ಗೀಸರ್ ಮಧ್ಯದಲ್ಲಿ ಆರಿಲ್ಲ. ಕಾವಲುಗಾರ ಸ್ವಿಚ್ಚು ಅದರ ಜಾಗದಲ್ಲೇ ಇದೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಇದನ್ನು ಹೇಳಲು ಹೋದಾಗ ಮೇಷ್ಟ್ರು ಇನ್ನೊಂದು ಪ್ರಶ್ನೆ ಕೇಳಿದರು. "ಗೀಸರ್ ಎಲ್ಲಿ ಇಟ್ಟಿದ್ದೀರಿ?"

"ಬಚ್ಚಲುಮನೆ ಒಳಗೇ ಸಾರ್. ಚಳಿಗೆ ಅಂತ ಕಿಟಕಿಗೆ ರಟ್ಟು ಹೊಡೆದಿದ್ದೀವಿ" ಅಂದೆ.

ಅವರ ಮುಖ ಸಣ್ಣದಾಯಿತು. ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಬೇಗ ಕಡಿಮೆಯಾಗುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಬದಲು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಮೇಲಿನ ತಾಮ್ರದ ತಗಡುಗಳಿಗೆ ಮಸಿ ಕಟ್ಟಿಕೊಂಡಿದ್ದರೂ ಹಾಗೇ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ನಮ್ಮ ಕರ್ನಾಟಕದ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ.

ಅಮ್ಮ ಆಗಾಗ "ಸ್ನಾನ ಮಾಡಿ ಬಂದ್ರೆ ತಲೆ ನೋಯುತ್ತೆ" ಅನ್ನುತ್ತಿದ್ದದ್ದು ನನಗೆ ಆಗ ನೆನಪಾಯಿತು. ಮನೆಗೆ ಓಡಿಹೋಗಿ ಹೇಳಿದೆ. ಅಪ್ಪ ಅವತ್ತೇ ರಟ್ಟು ಕಿತ್ತುಹಾಕಿದರು. ಆ ವಾರದಲ್ಲೇ ಗೀಸರನ್ನೂ ಸಿಲಿಂಡರನ್ನೂ ಹೊರಗಿನ ಗಾಳಿಯಾಡುವ ಗೋಡೆಗೆ ಹಾಕಿಸಿದರು. ಈಗ ಬಚ್ಚಲಿಗೆ ಬರುವುದು ಬಿಸಿನೀರಿನ ಪೈಪ್ ಮಾತ್ರ.

ನೆನಪಿಡಿ:

1. ಗೀಸರ್ ಪದೇ ಪದೇ ಆರಿದರೆ ಮೊದಲು ಬಕೆಟ್ ಪರೀಕ್ಷೆ ಮಾಡಿ. ಬೆಂಕಿ ಹೆಚ್ಚಾಗಿರದಿದ್ದರೂ ನೀರು ಕಡಿಮೆಯಾಗಿರಬಹುದು.

2. ಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಬೆಚ್ಚಗಿರುತ್ತದೆ. ಗ್ಯಾಸ್ ತಿರುಪು ಕಡಿಮೆ ಮಾಡಿ.

3. ಆರಿ ಮತ್ತೆ ಹೊತ್ತಿದಾಗ ಮೊದಲು ಬರುವ ನೀರು ತುಂಬಾ ಬಿಸಿ. ಕೊಳವೆಯಲ್ಲಿ ನಿಂತು ಕಾದಿರುತ್ತದೆ. ಮೈಮೇಲೆ ಬಿಡಬೇಡಿ.

4. ನಲ್ಲಿ ನಿಲ್ಲಿಸಿದ ಮೇಲೂ ಬೆಂಕಿ ಉರಿಯುತ್ತಿದ್ದರೆ ಕೂಡಲೇ ರೆಗ್ಯುಲೇಟರ್ ಬಂದ್ ಮಾಡಿ. ರಿಪೇರಿಯಾಗುವ ತನಕ ಮುಟ್ಟಬೇಡಿ.

5. ಉರಿ ನೀಲಿಯಾಗಿರಬೇಕು. ಹಳದಿಯಾದರೆ, ಮಸಿ ಕಂಡರೆ ಮೆಕ್ಯಾನಿಕ್ ಕರೆಸಿ.

6. ಯಾರೇ ಹೇಳಿದರೂ ಸ್ವಿಚ್ಚನ್ನು 'ಡೈರೆಕ್ಟ್' ಮಾಡಿಸಬೇಡಿ.

7. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಲೈಟಿನ ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಿಮಗೆಲ್ಲಾ ಗೊತ್ತು. ನಮ್ಮ ಮನೆಯ ಬಾಗಿಲು ತಮ್ಮನ ಕೆಂಪಾದ ಬೆನ್ನಿನಿಂದಾಗಿ ಮೊದಲೇ ಹಾಕಿದಂತಾಯಿತು. ಇವತ್ತು ಸಂಜೆ ಮನೆಗೆ ಹೋದ ಕೂಡಲೇ ನಿಮ್ಮ ಗೀಸರ್ ಎಲ್ಲಿದೆ ಎಂದು ನೋಡಿ. ಬಚ್ಚಲಿನ ಒಳಗಿದ್ದರೆ ಅಪ್ಪ ಅಮ್ಮನಿಗೆ ಈ ಲೇಖನದ ವಿಷಯ ಹೇಳಿ. ನಾಳೆ ಎನ್ನಬೇಡಿ.

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ